ಗಂಟಲಿನ ಎರಡು ದಾರಿ

ನಿಮ್ಮ ತಾತ ಹೇಗೆ ಸತ್ತರು ಎಂದು ಯಾರು ಕೇಳಿದರೂ ನಿಮ್ಮಪ್ಪ ಹೇಳುವುದು ಒಂದೇ ಕಥೆ. ಕೋಲಾರದ ಆಸ್ಪತ್ರೆಯಲ್ಲಿ ಒಬ್ಬ ನರ್ಸು ಮೂಗಿನ ಕೊಳವೆಯನ್ನು ಹೊಟ್ಟೆಗೆ ಇಳಿಸುವ ಬದಲು ಶ್ವಾಸಕೋಶಕ್ಕೆ ಇಳಿಸಿದಳು, ಹಾಲೆಲ್ಲ ಅಲ್ಲಿಗೆ ಹೋಯಿತು, ಮನುಷ್ಯ ಉಸಿರು ಕಟ್ಟಿ ಹೋದರು. ಕೊನೆಯಲ್ಲಿ, "ಅವಳನ್ನ ಕೆಲ್ಸದಿಂದ ತೆಗೆಸಿಯೇ ನಾನು ಸುಮ್ಮನಾಗಿದ್ದು" ಎಂದು ಸೇರಿಸುತ್ತಾನೆ. ಮೊನ್ನೆ ನಿಮ್ಮಲ್ಲಿ ದೊಡ್ಡವಳು ನರ್ಸಿಂಗ್ ಓದುತ್ತೇನೆ ಎಂದಾಗ ಅವನು ತಟ್ಟೆ ತಳ್ಳಿ ಎದ್ದದ್ದೂ ಇದೇ ಕಥೆಯ ಮೇಲೆ. "ಕೊಲ್ಲೋ ಕೆಲ್ಸಕ್ಕೆ ನನ್ನ ಮಗಳು ಹೋಗೋದು ಬೇಡ" ಅಂದ. ನಾನು ಅಲ್ಲೇ ಸಾರು ಬಡಿಸುತ್ತಿದ್ದೆ. ಬಡಿಸುತ್ತಲೇ ಇದ್ದೆ.

ಆ ಕಥೆ ಸುಳ್ಳು. ಸುಳ್ಳು ಎಂದು ಗೊತ್ತಿದ್ದವರು ಮೂರೇ ಜನ. ಒಬ್ಬರು ನಿಮ್ಮ ತಾತನ ಅಕ್ಕ, ನೀವು ದೊಡ್ಡಜ್ಜಿ ಎನ್ನುತ್ತಿದ್ದವರು, ಅವರು ತೀರಿಹೋದರು. ಇನ್ನೊಬ್ಬಳು ಆ ನರ್ಸು, ಎಲ್ಲಿದ್ದಾಳೋ ತಿಳಿಯದು. ಉಳಿದವಳು ನಾನು, ನಿಮ್ಮಜ್ಜಿ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಬಸ್ಸಿನಲ್ಲಿ ನಮ್ಮ ಊರು ಬಂದರೂ "ನಿಲ್ಸಿ" ಅನ್ನಲಾರದೆ ಮುಂದಿನ ಸ್ಟಾಪಿನವರೆಗೆ ಹೋಗಿ ಬಿಸಿಲಲ್ಲಿ ನಡೆದು ಬಂದವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ. ಓದಿಯಾದ ಮೇಲೆ ನಿಮ್ಮಪ್ಪನ ಕೈಗೆ ಕೊಡಿ.

ಇದನ್ನು ಕುರಿಯಿಂದ ಶುರು ಮಾಡಬೇಕು.

ನಾನು ಓದಿದ್ದು ಏಳನೆಯ ತರಗತಿವರೆಗೆ, ಶ್ರೀನಿವಾಸಪುರದ ಕಡೆಯ ನನ್ನ ತವರೂರಿನ ಶಾಲೆಯಲ್ಲಿ. ಅಲ್ಲಿ ಗೋಡೆಗೆ ಮನುಷ್ಯನ ಒಳಗನ್ನು ತೋರಿಸುವ ಒಂದು ಪಟ ತೂಗುತ್ತಿತ್ತು. ಅದನ್ನು ಮಡಿಸಿ ಮಡಿಸಿ ಸರಿಯಾಗಿ ಗಂಟಲಿನ ಜಾಗದಲ್ಲೇ ಬಣ್ಣ ಹೋಗಿ ಬಿಳಿ ಗೆರೆ ಬಿದ್ದಿತ್ತು. ಹಾಗಾಗಿ ಗಂಟಲು ಎಂದರೆ ಏನು ಎಂದು ನನಗೆ ತಿಳಿದದ್ದು ಮದುವೆಯಾಗಿ ಬೈರಕೂರು ಹೋಬಳಿಯ ಈ ಊರಿಗೆ ಬಂದ ಮೇಲೆಯೇ. ಯುಗಾದಿಯ ಮಾರನೆ ದಿನ ಹೊಸತೊಡಕಿಗೆ ನಮ್ಮ ಬೀದಿಯವರು ಸೇರಿ ಕುರಿ ಕುಯ್ದು ಗುಡ್ಡೆ ಪಾಲು ಹಾಕುವುದನ್ನು ನೀವು ನೋಡಿದ್ದೀರಿ. ಗುಡ್ಡೆ ಹಾಕಿದರೆ ಗಂಡಸರ ಕೆಲಸ ಮುಗಿಯಿತು. ತಲೆ, ಕಾಲು, ಬೋಟಿ, ಶ್ವಾಸಕೋಶ ತೊಳೆಯುವುದು ಹೊಸ ಸೊಸೆಯ ಪಾಲು. ಮೊದಲ ವರ್ಷ ಅಸಹ್ಯಪಟ್ಟೆ. ಎರಡನೆಯ ವರ್ಷದಿಂದ ನೋಡಲು ಶುರು ಮಾಡಿದೆ.

ಕುರಿಯ ಕತ್ತಿನಲ್ಲಿ ಎರಡು ನಾಳ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಉಸಿರಿನ ನಾಳ ಗಟ್ಟಿ. ಬಳೆಯ ಮೇಲೆ ಬಳೆ ಜೋಡಿಸಿದ ಹಾಗೆ ಇರುತ್ತದೆ. ಹಿಸುಕಿ ಬಿಟ್ಟರೆ ತಕ್ಷಣ ಮತ್ತೆ ಬಾಯಿ ತೆರೆದುಕೊಳ್ಳುತ್ತದೆ. ಅನ್ನದ ನಾಳ ಹಾಗಲ್ಲ. ಲಂಗದ ಒದ್ದೆ ಲಾಡಿಯ ಹಾಗೆ ಚಪ್ಪಟೆಯಾಗಿ ಬಿದ್ದಿರುತ್ತದೆ. ಒಳಗೆ ನೀರು ಬಿಟ್ಟರೆ ಮಾತ್ರ ಅಗಲವಾಗುತ್ತದೆ. ಒಂದು ಹೀಗೆ, ಇನ್ನೊಂದು ಹಾಗೆ ಯಾಕೆ ಎಂದು ತೊಳೆಯುತ್ತಾ ಯೋಚಿಸುತ್ತಿದ್ದೆ. ಮೇವು ಆಗಾಗ ಇಳಿಯುತ್ತದೆ. ಇಳಿಯದಿದ್ದಾಗ ಆ ದಾರಿ ಮುಚ್ಚಿದ್ದರೂ ನಡೆಯುತ್ತದೆ. ಉಸಿರು ಒಂದು ಗಳಿಗೆಯೂ ಕಾಯುವುದಿಲ್ಲ; ಅದರ ದಾರಿ ಮುಚ್ಚಲೇಬಾರದು, ಅದಕ್ಕೇ ಬಳೆ. ಆ ಬಳೆಗಳೂ ಪೂರ್ತಿ ಸುತ್ತು ಬಂದಿರುವುದಿಲ್ಲ. ಹಿಂಬದಿಯಲ್ಲಿ, ಅನ್ನದ ನಾಳ ಒರಗಿಕೊಳ್ಳುವ ಕಡೆ, ಒಂದು ಚೂರು ಒಡೆದು ತೆಗೆದ ಹಾಗೆ ಇದ್ದು ಅಲ್ಲಿ ಮೆತ್ತನೆಯ ಚರ್ಮ ಇರುತ್ತದೆ. ದೊಡ್ಡ ತುತ್ತು ಇಳಿಯುವಾಗ ಗಟ್ಟಿ ಬಳೆ ಒತ್ತಬಾರದಲ್ಲ. ಇವೆರಡೂ ಸೇರುವ ಕಡೆ, ನಾಲಿಗೆಯ ಬುಡದಲ್ಲಿ, ವೀಳ್ಯದೆಲೆಯ ತುದಿಯಷ್ಟು ಒಂದು ಮುಚ್ಚಳ. ನಾಲಿಗೆಯನ್ನು ಹಿಂದಕ್ಕೆ ತಳ್ಳಿದರೆ ಅದು ಬಗ್ಗಿ ಉಸಿರಿನ ಬಾಯಿಯನ್ನು ಮುಚ್ಚುತ್ತದೆ. ನಾಲಿಗೆಯನ್ನು ಮುಂದಕ್ಕೆ ಎಳೆದರೆ ತೆರೆಯುತ್ತದೆ. ಅದನ್ನು ತಳ್ಳಿ, ಎಳೆದು, ಮತ್ತೆ ತಳ್ಳಿ ನೋಡುತ್ತಾ ಕೂತಿದ್ದೆ.

"ಏನೇ ಮೂಗೀ, ಮನುಷ್ಯರ ಹತ್ರ ಬಾಯಿ ಬಿಡಲ್ಲ, ಕುರಿ ನಾಲ್ಗೆ ಹಿಡ್ಕೊಂಡು ಮಾತಾಡುಸ್ತಿದೀಯ?" ಅಂದರು ನಿಮ್ಮ ತಾತ. ಅಂಗಳದಲ್ಲಿದ್ದವರೆಲ್ಲ ನಕ್ಕರು. ಅವರು ನನ್ನನ್ನು ಕರೆಯುತ್ತಿದ್ದದ್ದೇ ಮೂಗಿ ಎಂದು. ನನ್ನ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ರೇಷನ್ ಕಾರ್ಡು ಮಾಡಿಸುವಾಗ ಒಂದು ಸಲ.

ಇದಾಗಿ ಬಹಳ ವರ್ಷದ ಮೇಲೆ, ನಿಮ್ಮಪ್ಪ ಹೈಸ್ಕೂಲಿನಲ್ಲಿದ್ದಾಗ, ನಮ್ಮಲ್ಲಿ ಒಂದು ಸೀಮೆಹಸು ಇತ್ತು. ಯಾರೋ ರಸ್ತೆ ಬದಿಗೆ ಸುರಿದು ಹೋಗಿದ್ದ ಕೊಳೆತ ಟೊಮೇಟೊ ರಾಶಿಗೆ ಅದು ಹಗ್ಗ ಕಿತ್ತುಕೊಂಡು ಹೋಗಿ ಬಾಯಿ ಹಾಕಿತು. ಮಧ್ಯಾಹ್ನದ ಹೊತ್ತಿಗೆ ಎಡಪಕ್ಕ ತಮಟೆಯಂತೆ ಉಬ್ಬಿತ್ತು. ನಿಮ್ಮ ತಾತ ಗೊಟ್ಟ ತೆಗೆದರು. ತುದಿಯನ್ನು ಓರೆಯಾಗಿ ಕುಯ್ದ ಬಿದಿರಿನ ಕೊಳವೆ ಅದು. ದನದ ಬಾಯಿಗೆ ಔಷಧಿ ಸುರಿಯಲು ಆಗ ಪ್ರತಿ ಮನೆಯ ಸೂರಿನಲ್ಲೂ ಒಂದು ಸಿಕ್ಕಿಸಿರುತ್ತಿತ್ತು. ನಮ್ಮ ಕಡೆಯ ಪದ್ಧತಿ ಎಂದರೆ ಒಬ್ಬ ಮೂಗು ಹಿಡಿದು ಮುಸುಡಿಯನ್ನು ಆಕಾಶಕ್ಕೆ ಎತ್ತಬೇಕು, ಇನ್ನೊಬ್ಬ ನಾಲಿಗೆಯನ್ನು ಪಕ್ಕಕ್ಕೆ ಎಳೆದು ಹಿಡಿಯಬೇಕು, ಮೂರನೆಯವನು ಸುರಿಯಬೇಕು. ನಾಲಿಗೆ ಹಿಡಿಯದಿದ್ದರೆ ಹಸು ಉಗುಳಿಬಿಡುತ್ತದೆ ಎಂದು ಎಲ್ಲರ ನಂಬಿಕೆ.

ನಾನು ಬಾಗಿಲ ಹತ್ತಿರ ನಿಂತು ಹೇಳಿದೆ. ಜೀವಮಾನದಲ್ಲಿ ಗಂಡಸರ ಗುಂಪಿಗೆ ನಾನಾಗಿ ಆಡಿದ ಮಾತು ಅದೊಂದೇ. "ನಾಲ್ಗೆ ಬಿಡಿ. ಅದು ಹಿಂದಕ್ಕೆ ಹೋಗ್ದಿದ್ರೆ ಮುಚ್ಚಳ ಮುಚ್ಚಲ್ಲ."

"ಯಾವ ಮುಚ್ಚಳನೇ?"

"ಗಂಟ್ಲಿಂದು. ಕುರೀಲಿ ನೋಡಿದೀನಿ."

ನಿಮ್ಮ ತಾತ ಗೊಟ್ಟ ಹಿಡಿದುಕೊಂಡೇ ಹಿಂದಕ್ಕೆ ತಿರುಗಿದರು. "ಕೇಳುದ್ರೇನ್ರೋ? ಬೋಟಿ ತೊಳೆಯೋಳು ದನದ ಡಾಕ್ಟ್ರಾದ್ಲು! ಹೋಗಮ್ಮ ಡಾಕ್ಟ್ರಮ್ಮ, ಒಲೆ ಹತ್ರ ಪೇಷೆಂಟುಗಳು ಕಾಯ್ತಾವ್ರೆ."

ಎಣ್ಣೆ ಸುರಿದರು. ಹಸು ಎರಡು ಸಲ ಜೋರಾಗಿ ಕೆಮ್ಮಿತು. ಆಮೇಲೆ ಕೆಮ್ಮು ನಿಂತಿತು. "ಇಳೀತು ನೋಡು" ಅಂದರು. ಉಬ್ಬರವೂ ಇಳಿಯಿತು, ನಿಜ. ಮೂರನೆಯ ದಿನ ಹಸು ಕತ್ತು ಮುಂದೆ ಚಾಚಿ, ಬಾಯಿ ತೆರೆದುಕೊಂಡು ಉಸಿರಾಡುತ್ತಿತ್ತು. ದೇವರಾಯಸಮುದ್ರದ ಕಡೆಯಿಂದ ದನದ ಡಾಕ್ಟರು ಬಂದು ಅದರ ಪಕ್ಕೆಗೆ ಕಿವಿ ಇಟ್ಟರು. ನೀರಿನ ಬಕೆಟ್ಟು ಹಿಡಿದು ಹತ್ತಿರ ನಿಂತಿದ್ದ ನನಗೂ "ಇಲ್ಲಿ ಕೇಳಮ್ಮ" ಅಂದರು. ಕೇಳಿದೆ. ಅಡಿ ಹಿಡಿಯುವ ಮುಂಚೆ ಗಂಜಿ ಕೊತಕೊತ ಅನ್ನುತ್ತದಲ್ಲ, ಅದೇ ಸದ್ದು. "ಮೊದ್ಲು ಕೆಮ್ತಾ? ಆಮೇಲೆ ನಿಲ್ತಾ?" ಎಂದು ಕೇಳಿದರು. ಹೌದು ಅಂದರು ನಿಮ್ಮ ತಾತ. "ಕೆಮ್ಮು ನಿಂತಿದ್ದು ಒಳ್ಳೇದಕ್ಕಲ್ಲ ಯಜಮಾನ್ರೇ. ಒಳಗೆ ತಡೆಯೋ ಶಕ್ತಿ ಮುಗೀತು ಅಂತ. ಎಣ್ಣೆಯೆಲ್ಲ ಶ್ವಾಸಕೋಶದಲ್ಲಿದೆ."

ಹಸು ಸತ್ತಿತು. ಹಗ್ಗವನ್ನು ಸರಿಯಾಗಿ ಕಟ್ಟದೆ ಹಸು ಕೊಂದವಳು ಎಂದು ನನಗೆ ಹೆಸರಾಯಿತು. ಡಾಕ್ಟರು ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೇ ನಿಮ್ಮ ತಾತನಿಗೆ ಹೆಚ್ಚು ಸಿಟ್ಟು. ಆರು ತಿಂಗಳು ಅವರು ನನ್ನ ಕೈಯ ನೀರು ಕುಡಿಯಲಿಲ್ಲ. ಲೋಟ ಮುಂದಿಟ್ಟರೆ ಕಾಲ ಬೆರಳಿನಿಂದ ಅದನ್ನು ಪಕ್ಕಕ್ಕೆ ಸರಿಸಿ, ಎದ್ದು ಹೋಗಿ, ಮಡಕೆಯಿಂದ ತಾವೇ ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಬಂದವರೆದುರಿಗೂ ಹಾಗೇ ಮಾಡುತ್ತಿದ್ದರು. ನಾನು ದಿನವೂ ಲೋಟ ಇಡುತ್ತಿದ್ದೆ.

ಇನ್ನು ಆ ಕಾಯಿಲೆಯ ವಿಷಯ. ನೀವು ಆಗ ಚಿಕ್ಕವರು. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಾಗ ಅವರ ಬಲಗೈಯಿಂದ ಕುಡುಗೋಲು ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದರು, ಬೆರಳು ಮುಚ್ಚಲಿಲ್ಲ. ನನ್ನ ಕಡೆ ತಿರುಗಿ ಏನೋ ಬೈದರು, ಅದು ಮಾತಾಗಿ ಹೊರಗೆ ಬರಲಿಲ್ಲ. ಬಾಯಿಯ ಒಂದು ತುದಿ ಜೋತುಬಿದ್ದಿತ್ತು. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತು ನಾನು ಆ ಕೈಯನ್ನು ಬಹಳ ಹೊತ್ತು ನೋಡಿದೆ. ಐದು ಬೆರಳು, ದಪ್ಪ ಉಗುರು, ಹೆಬ್ಬೆರಳ ಬುಡದಲ್ಲಿ ಕುಡುಗೋಲು ತಾಗಿದ ಹಳೇ ಗೆರೆ. ಒಂದೂ ಕಡಿಮೆಯಾಗಿರಲಿಲ್ಲ. ಕೈ ಇತ್ತು, ಕೈಯ ಕೆಲಸ ಹೊರಟುಹೋಗಿತ್ತು.

ಗಂಟಲೂ ಹಾಗೇ ಆಗಿದೆ ಎಂದು ತಿಳಿಸಿ ಹೇಳಿದವಳು ಆ ನರ್ಸು. ಮಾಲೂರಿನ ಕಡೆಯ ಹುಡುಗಿ. ಸಣಕಲು ಮೈ, ತುರುಬಿಗೆ ಪೆನ್ನು ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಔಷಧಿಯ ಖಾಲಿ ಡಬ್ಬದ ಮೇಲೆ ಎರಡು ಗೆರೆ ಎಳೆದು, ಮುಚ್ಚಳ ಬರೆದು, "ಅಮ್ಮಾ, ಈ ಮುಚ್ಚಳ ಇದೆ, ಆದ್ರೆ ಯಾವಾಗ ಮುಚ್ಬೇಕು ಅಂತ ಅದಕ್ಕೆ ತಿಳೀತಿಲ್ಲ. ತಲೆಯಿಂದ ಹೇಳಿಕಳ್ಸೋರು ಇಲ್ಲ. ಬಾಯಿಗೆ ಏನು ಹಾಕಿದ್ರೂ ಉಸಿರಿನ ಕಡೆ ಇಳಿಯುತ್ತೆ" ಅಂದಳು.

"ಹಿಂದುಗಡೆ ಬಳೆ ಒಡೆದಿರುತ್ತೆ" ಅಂದೆ. ಯಾಕೆ ಅಂದೆನೋ.

ಅವಳು ಪೆನ್ನು ಹಿಡಿದವಳು ಹಾಗೇ ನನ್ನನ್ನು ನೋಡಿದಳು. "ಇದನ್ನ ನಮಗೆ ಪರೀಕ್ಷೇಲಿ ಕೇಳ್ತಾರೆ! ನಿಮಗೆ ಯಾರು ಹೇಳಿದ್ರು?"

"ಕುರಿ."

ಅವಳು ಬಾಯಿ ತುಂಬ ನಕ್ಕಳು. ಅವಳ ನಗುವಿಗೆ ನಾನೂ ನಕ್ಕೆ. ನನಗೆ ಏನೋ ತಿಳಿದಿದೆ ಎಂದು ಯಾರಾದರೂ ಅಂದದ್ದು ಅದೇ ಮೊದಲು.

ಮೂಗಿನಿಂದ ಹೊಟ್ಟೆಗೆ ಸಣ್ಣ ಕೊಳವೆ ಇಳಿಸಿ ಅದನ್ನು ಕೆನ್ನೆಗೆ ಅಂಟಿಸಿ ಕಳುಹಿಸಿದರು. ಅದರಲ್ಲಿ ಹಾಲು ಮತ್ತು ಡಾಕ್ಟರು ಬರೆದ ಪುಡಿ ಮಾತ್ರ ಹಾಕಬೇಕು. ರಾಗಿ ಬೇಡ, ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಬಾಯಿಗೆ ತೊಟ್ಟು ನೀರೂ ಕೂಡದು. ಒಂದು ತಿಂಗಳು ಹೀಗೆ ಕಳೆದರೆ ಗಂಟಲು ಚೇತರಿಸಿಕೊಳ್ಳುತ್ತದೆ, ಆಮೇಲೆ ಮೆಲ್ಲಗೆ ಚಮಚದಲ್ಲಿ ಶುರು ಮಾಡಬಹುದು ಎಂದರು. ಸಾಯುವ ಕಾಯಿಲೆಯಾಗಿರಲಿಲ್ಲ, ಮಕ್ಕಳೇ. ಇದನ್ನು ನೀವು ಮರೆಯಬೇಡಿ. ತಿಂಗಳು ಬಾಯಿ ಕಾದರೆ ಸಾಕಿತ್ತು.

ಹೊರಡುವಾಗ ಆ ನರ್ಸು ಗಾಡಿಯ ತನಕ ಬಂದಳು. "ನೋಡಕ್ಕೆ ಬಂದೋರು ಬಾಯಿಗೆ ಹಾಕಕ್ಕೆ ಬರ್ತಾರೆ. ಬೇಡ ಅನ್ನಕ್ಕೆ ನಿಮಗೆ ಆಗುತ್ತಾ?"

ನಾನು ತಲೆ ತಗ್ಗಿಸಿದೆ.

"ಆಗ್ದಿದ್ರೆ ನನ್ನ ಮೇಲೆ ಹಾಕಿ. ಕೋಲಾರದ ನರ್ಸು ಬೇಡ ಅಂದವ್ಳೆ, ಕೆಟ್ಟೋಳು ಅವಳು, ಅನ್ನಿ. ಬೈಕೊಂಡು ಹೋಗ್ಲಿ."

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬಂದವರು ಬರಿಗೈಲಿ ಬರುವುದಿಲ್ಲ, ತಂದದ್ದನ್ನು ಇಟ್ಟು ಹೋಗುವುದೂ ಇಲ್ಲ. ಒಂದು ತುತ್ತಾದರೂ ತಮ್ಮ ಕೈಯಿಂದ ಬಾಯಿಗೆ ಹಾಕಬೇಕು. ಬೇಡ ಎಂದರೆ ನಂಟು ಮುರಿದ ಹಾಗೆ. ನಿಮ್ಮಪ್ಪ ಅಮ್ಮ ಇಬ್ಬರೂ ಬೆಳಿಗ್ಗೆಯೇ ನರಸಾಪುರದ ಕಂಪನಿ ಬಸ್ಸು ಹತ್ತುತ್ತಿದ್ದರು, ನೀವು ಶಾಲೆಗೆ ಹೋಗುತ್ತಿದ್ದಿರಿ. ಹಗಲಿಡೀ ಬಾಗಿಲು ಕಾಯುವವಳು ನಾನೊಬ್ಬಳೇ. ಎಳನೀರು ತಂದರು, ಬ್ರೆಡ್ಡು ತಂದರು, ಮೂಸಂಬಿ ರಸ ಹಿಂಡಿ ತಂದರು. ನಾನು ಮಂಚದ ಪಕ್ಕ ನಿಂತು ಕೈ ಅಡ್ಡ ಹಿಡಿಯುತ್ತಿದ್ದೆ. "ನರ್ಸು ಬೇಡ ಅಂದವ್ರೆ" ಎಂಬ ಒಂದೇ ಮಾತನ್ನು ಹನ್ನೊಂದು ದಿನ ಆಡಿದೆ. "ಹಸೂಗೆ ಹಗ್ಗ ಕಟ್ಟಕ್ಕೆ ಬರ್ದಿದ್ದೋಳು ಗಂಡನ ಬಾಯಿ ಕಟ್ಟವ್ಳೆ" ಎಂದು ಒಬ್ಬಾಕೆ ಹೊಸಲು ದಾಟುತ್ತಾ ಹೇಳಿದಳು. ಕೇಳಿಸಲಿ ಎಂದೇ ಹೇಳಿದಳು. ಆದರೂ ಕೈ ತೆಗೆಯಲಿಲ್ಲ. ಕೊಳವೆಯಲ್ಲಿ ಹಾಲು ಹಾಕುತ್ತಿದ್ದೆ, ಬಟ್ಟೆ ಬದಲಿಸುತ್ತಿದ್ದೆ. ನಿಮ್ಮ ತಾತನ ಮೈಗೆ ಸ್ವಲ್ಪ ಕಳೆ ಬಂದಿತ್ತು.

ಹನ್ನೆರಡನೆಯ ದಿನ ದೊಡ್ಡಜ್ಜಿ ಬಂದರು. ಅವರನ್ನು ಕೊಟ್ಟಿದ್ದು ಆಂಧ್ರದ ಗಡಿಯಾಚೆ. ತಾಯಿ ಸತ್ತಾಗ ನಿಮ್ಮ ತಾತ ಕೈಗೂಸು. ಸೊಂಟದ ಮೇಲೆ ಹೊತ್ತು, ಕೈತುತ್ತು ಹಾಕಿ ಸಾಕಿದವರು ಇವರೇ. ಬಾಗಿಲಲ್ಲೇ ಚಪ್ಪಲಿ ಒದರಿ "ಅಯ್ಯೋ ತಮ್ಮುಡಾ!" ಎಂದು ಬಂದು ಮಂಚದ ಮೇಲೆ ಕುಸಿದರು. ಆಮೇಲೆ ಕೊಳವೆ ಕಾಣಿಸಿತು.

"ಏನೇ ಇದು? ನನ್ನ ತಮ್ಮನಿಗೆ ಮೂಗುದಾರ ಹಾಕ್ಸಿದೀಯ?"

"ಊಟಕ್ಕೆ ಅತ್ತಿಗೆ. ಅದರಲ್ಲೇ ಹಾಲು—"

"ಮೂಗಲ್ಲಿ ಉಣ್ಣೋರು ಉಂಟೇನೇ? ನೋರು ಉಂದಿ ಕದಾ! ಬಾಯಿ ಐತಲ್ಲ! ಹಲ್ಲೈತೆ, ನಾಲ್ಗೆ ಐತೆ. ಇರೋ ಬಾಯಿ ಬಿಟ್ಟು ಮೂಗಿಗೆ ಹುಯ್ತೀಯಾ?"

ಬಾಯಿ ಇದೆ ಎಂದರೆ ಅದರ ಕೆಲಸವೂ ಇದೆ ಎಂದು ಅವರ ನಂಬಿಕೆ. ತಪ್ಪು ಇದ್ದದ್ದು ಅಲ್ಲೇ. ಕೈ ಇದೆ, ಹಿಡಿಯುವುದಿಲ್ಲ. ಗಂಟಲೂ ಹಾಗೇ ಎಂದು ನಾನು ಹೇಳಬಹುದಿತ್ತು. ಆ ಮಾತು ನಾಲಿಗೆಯ ಮೇಲೆ ಇತ್ತು. "ನರ್ಸು ಬೇಡ ಅಂದವ್ರೆ" ಎಂದಷ್ಟೇ ಅಂದೆ.

"ಯಾವಳವಳು ನರ್ಸು? ಮೊನ್ನೆ ಹುಟ್ಟಿದೋಳು. ಇವನಿಗೆ ಉಣ್ಣಕ್ಕೆ ಕಲಿಸಿದ್ದು ನಾನು!"

ಅಕ್ಕ ಕೂಗಾಡುವುದನ್ನು ಕೇಳಿ ನಿಮ್ಮ ತಾತನೂ ಕೆರಳಿದರು. ಎಡಗೈ ಚೆನ್ನಾಗಿತ್ತು. ಅದನ್ನು ಎತ್ತಿ ಕೊಳವೆ ಹಿಡಿದು ಎಳೆದರು. ಅಂಟು ಬಿಟ್ಟು ಕೊಳವೆ ಪೂರ್ತಿ ಹೊರಗೆ ಬಂತು, ಲೋಳೆ ಸಮೇತ.

"ನೋಡು, ನೋಡು! ಅವನಿಗೇ ಬೇಡ!" ಅಂದರು ದೊಡ್ಡಜ್ಜಿ.

ಆಗ ಮಧ್ಯಾಹ್ನ. ಕಂಪನಿ ಬಸ್ಸು ಬರುವುದು ಸಂಜೆ. ನಿಮ್ಮಪ್ಪ ಬಂದರೆ ಕೋಲಾರಕ್ಕೆ ಕರೆದುಕೊಂಡು ಹೋಗಿ ಮತ್ತೆ ಹಾಕಿಸಬಹುದು. ಕಾಯಬೇಕಾದ್ದು ನಾಲ್ಕೈದು ಗಂಟೆ. ಫೋನು ಮಾಡಿದೆ, ಕಂಪನಿಯೊಳಗೆ ಫೋನು ಇಟ್ಟುಕೊಳ್ಳಲು ಬಿಡುವುದಿಲ್ಲ. ಅಷ್ಟರಲ್ಲಿ ಒಳಗೆ ಒಲೆ ಹಚ್ಚಿದ ಸದ್ದು. ದೊಡ್ಡಜ್ಜಿ ರಾಗಿ ಹಿಟ್ಟು ಕಲಸಿ ನೀರಾದ ಗಂಜಿ ಮಾಡಿ, ಮಜ್ಜಿಗೆ ಬೆರೆಸಿ, ಬಟ್ಟಲಲ್ಲಿ ತಂದರು. ನಾನು ಮಂಚಕ್ಕೆ ಅಡ್ಡ ನಿಂತೆ.

ಅವರು ಬಟ್ಟಲನ್ನು ತಮ್ಮನಿಗೆ ಚಾಚಲಿಲ್ಲ, ನನಗೆ ಚಾಚಿದರು. "ನಾನ್ಯಾಕೆ ಹಾಕ್ಲಿ? ಕಟ್ಕೊಂಡೋಳು ನೀನು. ನೀನೇ ಹಾಕು. ಹಾಕಲ್ವಾ? ಹಾಗಾದ್ರೆ ಒಂದ್ಮಾತು ಹೇಳು: ಇವನು ಹೋಗ್ಲಿ ಅಂತ ಕಾಯ್ತಿದೀಯ. ಆರು ತಿಂಗ್ಳು ನಿನ್ನ ನೀರು ಮುಟ್ಲಿಲ್ವಲ್ಲ, ಆ ಸೇಡು ತೀರಿಸ್ಕೊಂತಿದೀಯ. ಬೀದಿಗೆ ನಿಂತು ಹೇಳ್ತೀನಿ ಕಣೇ, ಮನೆಮನೆಗೂ ಹೇಳ್ತೀನಿ."

ಬಾಗಿಲಲ್ಲಿ ಆಗಲೇ ಇಬ್ಬರು ಮೂವರು ಹೆಂಗಸರು ನಿಂತಿದ್ದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಅಷ್ಟು ಕಣ್ಣು ನನ್ನ ಮೇಲೆ ಬಿದ್ದರೆ ನನಗೆ ಕಾಲಡಿಯ ನೆಲ ಕಾಣುವುದಿಲ್ಲ. ಬಟ್ಟಲು ತೆಗೆದುಕೊಂಡೆ.

ಮೊದಲನೆಯ ಚಮಚಕ್ಕೆ ಕೆಮ್ಮಿದರು. ಎರಡನೆಯದಕ್ಕೆ ಮುಖ ಕೆಂಪಾಗುವ ಹಾಗೆ ಕೆಮ್ಮಿದರು. ಮೂರನೆಯದಕ್ಕೆ ಕೆಮ್ಮಲಿಲ್ಲ. "ಹಾಂ, ದಾರಿ ಬಿಡ್ತು! ಹಾಕು, ಹಾಕು" ಅಂದರು ದೊಡ್ಡಜ್ಜಿ. ಬಾಗಿಲಲ್ಲಿದ್ದವರು ಕಣ್ಣೊರೆಸಿಕೊಂಡರು. ದಾರಿ ಬಿಟ್ಟದ್ದು ಯಾವುದು ಎಂದು ಅಲ್ಲಿ ತಿಳಿದಿದ್ದವಳು ನಾನೊಬ್ಬಳೇ. ಅರ್ಧ ಬಟ್ಟಲು ಆಗಿತ್ತು. ನಿಮ್ಮ ತಾತ "ಆ" ಎಂದರು. ಆ ದನಿಯೊಳಗೆ ಗಂಜಿ ಕುದಿಯುತ್ತಿತ್ತು.

ಆಗ ಬೀದಿಯಿಂದ ಯಾರೋ ಕರೆದರು. ದೊಡ್ಡಜ್ಜಿ ಎದ್ದು ಹೊರಗೆ ಹೋದರು. ಹೆಂಗಸರೂ ಅವರ ಹಿಂದೆ ಹೋಗಿ ಜಗಲಿಯ ಮೇಲೆ ಕೂತರು. ಕೋಣೆಯಲ್ಲಿ ಉಳಿದವರು ನಾವಿಬ್ಬರೇ. ಕಲಗಚ್ಚಿನ ಬಾನಿ ಹಿಂಬಾಗಿಲ ಹತ್ತಿರ, ನಾಲ್ಕು ಹೆಜ್ಜೆಯಲ್ಲಿ ಇತ್ತು. ಮಿಕ್ಕದ್ದನ್ನು ಅದಕ್ಕೆ ಸುರಿದು ಖಾಲಿ ಬಟ್ಟಲು ತೋರಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅರ್ಧ ಬಟ್ಟಲಿಗೆ ಮನುಷ್ಯ ಬದುಕಿಕೊಳ್ಳುತ್ತಿದ್ದರೋ ಏನೋ, ಹೇಳಲಾರೆ. ನಿಮ್ಮ ತಾತ ನನ್ನನ್ನು ನೋಡಿ ಬಾಯಿ ತೆರೆದರು. ಹಸಿವಿತ್ತು ಅವರಿಗೆ. ಹದಿನೈದು ಇಪ್ಪತ್ತು ದಿನದಿಂದ ನಾಲಿಗೆಗೆ ರುಚಿ ಸೋಕಿರಲಿಲ್ಲ.

ಆ ಹೊತ್ತಿಗೆ ನನ್ನ ಮನಸ್ಸಿಗೆ ಬಂದದ್ದನ್ನು ಬಂದ ಹಾಗೆ ಬರೆಯುತ್ತೇನೆ. ಈಗ ನನ್ನ ಕೈಯಿಂದ ಕುಡೀತಾರಲ್ಲ, ಎಂದು ಬಂತು. ಪಕ್ಕಕ್ಕೆ ಸರಿಸಕ್ಕೆ ಆಗಲ್ಲವಲ್ಲ, ಎಂದು ಬಂತು. ಚಮಚ ತುಂಬಿ ಹಾಕಿದೆ. ಮತ್ತೆ ಹಾಕಿದೆ. ಬಟ್ಟಲು ಬಳಿದು ಕೊನೆಯದನ್ನೂ ಹಾಕಿದೆ. ಮೊದಲ ಅರ್ಧ ಬಟ್ಟಲನ್ನು ನಾಚಿಕೆಯಿಂದ, ಹೆದರಿಕೆಯಿಂದ ಹಾಕಿದೆ ಎಂದು ನಾನು ಯಾರ ಮುಂದೆಯಾದರೂ ಹೇಳಬಲ್ಲೆ. ಉಳಿದರ್ಧವನ್ನು ಹಾಕುವಾಗ ಕೋಣೆಯಲ್ಲಿ ಯಾರೂ ಇರಲಿಲ್ಲ.

ಗಂಜಿ ಹಾಕಿದ್ದನ್ನು ಕಂಡ ಹೆಂಗಸರಿಗೆ ಅದು ಯಾವ ದಾರಿ ಹಿಡಿಯಿತೆಂದು ತಿಳಿಯಲಿಲ್ಲ, ಆಮೇಲೆ ನರ್ಸಿನ ಕಥೆಯನ್ನು ಅವರೂ ನಂಬಿದರು. ಸಂಜೆ ನಿಮ್ಮಪ್ಪ ಬರುವ ಮುಂಚೆ ದೊಡ್ಡಜ್ಜಿ ಬಟ್ಟಲು ತೊಳೆದಿಟ್ಟರು. "ಹುಡುಗ ಹಾರಾಡ್ತಾನೆ. ಕೊಳವೆ ಕಿತ್ಕೊಂಡ ಅಂತ ಮಾತ್ರ ಹೇಳು" ಅಂದರು. ನಾನು ಅಷ್ಟನ್ನೂ ಹೇಳಲಿಲ್ಲ, ಅವರೇ ಹೇಳಿದರು.

ಆ ರಾತ್ರಿ ಗಾಡಿ ಸಿಗದೆ ಮಾರನೆ ಬೆಳಿಗ್ಗೆ ಕಾರಿನಲ್ಲಿ ಕೋಲಾರಕ್ಕೆ ಹೋದೆವು. ಅದೇ ನರ್ಸು ಇದ್ದಳು. ಕೊಳವೆ ಹಾಕುವ ಮುಂಚೆ, "ಬಾಯಿಗೆ ಏನೂ ಕೊಟ್ಟಿಲ್ಲ ತಾನೆ?" ಎಂದು ನನ್ನನ್ನೇ ಕೇಳಿದಳು.

"ತೊಟ್ಟು ನೀರೂ ಇಲ್ಲಮ್ಮ" ಅಂದರು ದೊಡ್ಡಜ್ಜಿ.

ಅವಳು ನನ್ನ ಮುಖ ನೋಡಿದಳು. ನಾನು ಇಲ್ಲ ಎಂದು ತಲೆ ಆಡಿಸಿದೆ. ಅವಳು ನಂಬಿದಳು. ಕುರಿಯ ಗಂಟಲು ತಿಳಿದವಳು ಹಾಗೆ ಮಾಡಿರಲಾರಳು ಎಂದುಕೊಂಡಿರಬೇಕು.

ಕೊಳವೆ ಹಾಕಿದಳು, ಹಾಲು ಹಾಕಿದಳು. ಮಧ್ಯಾಹ್ನಕ್ಕೆ ಜ್ವರ ಏರಿತು, ಉಸಿರು ಓಡತೊಡಗಿತು. ನಿಮ್ಮಪ್ಪ ಕಂಡ ಸರಣಿ ಅದು: ಮೊದಲು ಕೊಳವೆ, ಆಮೇಲೆ ಹಾಲು, ಆಮೇಲೆ ಜ್ವರ. ಅವನದೇನೂ ತಪ್ಪಿಲ್ಲ. ಡಾಕ್ಟರು "ಶ್ವಾಸಕೋಶಕ್ಕೆ ಆಹಾರ ಹೋಗಿದೆ" ಎಂದಾಗ ಅವನಿಗೆ ಹೊಳೆದದ್ದು ಕೊಳವೆಯೇ. ಅದೇ ಸಂಜೆ ಗಂಟಲಿನ ಕಫ ಎಳೆಯುವ ಮಿಷನ್ನಿನ ಬಾಟಲಿಯಲ್ಲಿ ಬಂದದ್ದನ್ನು ಆ ನರ್ಸು ಬೆಳಕಿಗೆ ಹಿಡಿದು ನೋಡಿದಳು. ಹಾಲಿನ ಬಣ್ಣ ಇರಲಿಲ್ಲ. ಕಂದು ಬಣ್ಣ, ಸಣ್ಣ ಸಣ್ಣ ಚುಕ್ಕೆ. ಈ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಅದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬಾಟಲಿಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ನಾನು ನಿಮ್ಮ ತಾತನ ಹೊದಿಕೆ ಸರಿಮಾಡಿದೆ.

ನಾಲ್ಕು ದಿನ ಒದ್ದಾಡಿದರು. ಹಸುವಿನ ಹಾಗೇ ಕತ್ತು ಚಾಚಿ, ಬಾಯಿ ತೆರೆದುಕೊಂಡು. ಐದನೆಯ ದಿನ ಬೆಳಿಗ್ಗೆ ಹೋದರು.

ನಿಮ್ಮಪ್ಪ ವಾರ್ಡಿನ ನಡುವೆ ನಿಂತು ಕೂಗಿದ. ಯಾವ ಯಾವ ಮಾತು ಅಂದ ಎಂದು ಬರೆಯುವುದಿಲ್ಲ, ಅವನ ಬಾಯಲ್ಲಿ ಅಂಥ ಮಾತನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಬೇರೆ ಮಂಚಗಳವರು ಎದ್ದು ಬಂದರು. ದೊಡ್ಡ ನರ್ಸು ಬಂದಳು, ಆಫೀಸಿನವರು ಬಂದರು. ಆ ಹುಡುಗಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. "ಸರ್, ಕೊಳವೆ ಸರಿಯಾಗೇ ಇತ್ತು. ಇವರಿಗೆ ಬಾಯಲ್ಲಿ ರಾಗಿ ಕೊಟ್ಟಿದ್ದಾರೆ" ಅಂದಳು.

"ನನ್ನ ತಾಯಿ ಹನ್ನೆರಡು ದಿನ ಬಾಗ್ಲಿಗೆ ಅಡ್ಡ ನಿಂತವ್ಳೆ! ಬಂಧು ಬಳಗದ ಕೈಲೆಲ್ಲ ಬೈಸ್ಕೊಂಡವ್ಳೆ! ಅವಳ ಮೇಲೆ ಹಾಕ್ತೀಯಾ?" ಎಂದ ನಿಮ್ಮಪ್ಪ.

ಅವಳು ಅವನ ಹೆಗಲಿನಾಚೆಯಿಂದ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ನಾನು ಹೇಳಿಯೇ ಹೇಳುತ್ತೇನೆ ಎಂಬ ಭರವಸೆ ಇತ್ತು. "ಅಮ್ಮಾ, ನೀವೇ ಹೇಳಿ. ರಾಗಿ ಎಲ್ಲಿಂದ ಬಂತು?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸೆರಗು ತೆಗೆದು ಬಾಯಿಗೆ ಒತ್ತಿಕೊಂಡೆ.

"ಗಂಡನ್ನ ಕಳ್ಕೊಂಡು ನಿಂತವ್ಳೆ, ಅವಳನ್ನ ಕೇಳ್ತೀಯೇನೇ, ಕರುಣೆ ಇಲ್ದೋಳೇ" ಎಂದು ದೊಡ್ಡಜ್ಜಿ ನನ್ನ ಭುಜ ಹಿಡಿದು ಹೊರಗಿನ ಬೆಂಚಿಗೆ ನಡೆಸಿಕೊಂಡು ಹೋದರು. ಯಾರೋ ಒಬ್ಬಾಕೆ, ಗುರುತಿಲ್ಲದವಳು, ಅಳಬೇಡಿ ಎಂದು ನನ್ನ ಬೆನ್ನು ಸವರಿದಳು. ಒಳಗಿನಿಂದ ನಿಮ್ಮಪ್ಪನ ಕೂಗು ಕೇಳಿಸುತ್ತಿತ್ತು. ಆ ಹುಡುಗಿಯ ದನಿ ಕೇಳಿಸಲಿಲ್ಲ. ಸೆರಗಿನ ಹಿಂದೆ ನಾನು ಅಳುತ್ತಿರಲಿಲ್ಲ.